ಕಾಲಡಿಯ ಮಣ್ಣನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ ನೀಟ್‌ನದ್ದು. ಅಲ್ಲಿ ಸೀಟು ಸಿಗುವುದಿಲ್ಲ ಎಂದಾದರೆ ಎರಡನೇ ಪ್ರಶ್ನೆ ಇಂಜಿನಿಯರಿಂಗ್‌ನದ್ದು. ಅದೂ ಆಗಲಿಲ್ಲವೋ, ಹುಡುಗನಾದರೆ ಪಾಸ್‌ಪೋರ್ಟ್ ಮಾಡಿಸಲು ಓಡಾಟ, ಹುಡುಗಿಯಾದರೆ ಸಂಬಂಧ ನೋಡಲು ಶುರು. ವಿಜ್ಞಾನ ವಿಭಾಗದಲ್ಲಿ ಶೇಕಡಾ 80, 85 ತೆಗೆದ ಮಕ್ಕಳ ಕಥೆ ಇದು. ಹಿಂದಿನ ತಲೆಮಾರಿಗೆ ಹೋಲಿಸಿದರೆ ಬ್ಯಾರಿ ಸಮುದಾಯ ಶಿಕ್ಷಣದಲ್ಲಿ ಬಹಳ ಮುಂದೆ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಬಿಎಸ್ಸಿ, ಎಂಎಸ್ಸಿ ಎಂದರೆ ಬೇರೇನೂ ಸಿಗದವರು ಹೋಗುವ ಜಾಗ ಎಂಬ ಭಾವನೆ ಮಾತ್ರ ಇನ್ನೂ ಹೋಗಿಲ್ಲ.

ಈ ವಾರ ಅಂಥ ಒಂದು ಓದಿನ ಬಗ್ಗೆ ಹೇಳಬೇಕೆನಿಸಿತು. ಭೂವಿಜ್ಞಾನ. ಕಲ್ಲು, ಮಣ್ಣು, ಅಂತರ್ಜಲ, ಕಡಲತೀರ, ಖನಿಜ, ತೈಲ ಇವುಗಳನ್ನು ಓದುವ ಶಾಸ್ತ್ರ. ನಮ್ಮವರ ಅನ್ನ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ಯೋಚಿಸಿ ನೋಡಿ. ಕೆಂಪುಕಲ್ಲಿನ ಕೋರೆ, ಮರಳು, ಲಾರಿ, ಜೆಸಿಬಿ, ಬೋರ್‌ವೆಲ್, ಕಟ್ಟಡದ ಕಂಟ್ರಾಕ್ಟ್. ಊರಲ್ಲಿ ಇಲ್ಲದವರು ಗಲ್ಫಿನಲ್ಲಿ, ಅದೂ ತೈಲದ ದುಡ್ಡಿನ ಮೇಲೆಯೇ ನಿಂತ ನಾಡು. ಇಷ್ಟೆಲ್ಲ ನೆಲವನ್ನೇ ನಂಬಿ ಬದುಕುವ ನಮ್ಮಲ್ಲಿ ನೆಲವನ್ನು ಓದಿದವರು ಎಷ್ಟು ಮಂದಿ? ಕಲ್ಲಿನ ಪರ್ಮಿಟ್ ಸಿಗದೆ, ಮರಳು ಸಿಗದೆ ಕೆಲಸ ನಿಂತಾಗ ನಾವು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಹೋಗಿ ಕಾಯುತ್ತೇವೆ. ಅಲ್ಲಿ ಮೇಜಿನ ಆಚೆ ಕೂತಿರುವ ಭೂವಿಜ್ಞಾನಿಯ ಹುದ್ದೆಗೆ ನಮ್ಮ ಮಕ್ಕಳೂ ಓದಿ ಹೋಗಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಇದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳ ಹೆಸರು ನಮ್ಮ ಸಣ್ಣ ಮಕ್ಕಳಿಗೂ ಗೊತ್ತುಂಟು. ಅಲ್ಲಿಂದ ಸ್ವಲ್ಪ ಮುಂದೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. ಅದರೊಳಗೆ ಸಾಗರ ಭೂವಿಜ್ಞಾನ ವಿಭಾಗ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿಗಾರಿಕೆ ಇಂಜಿನಿಯರಿಂಗ್ ಉಂಟು. 1851ರಲ್ಲಿ ಸ್ಥಾಪನೆಯಾದ, ಕೋಲ್ಕತಾದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಡಲು ಮತ್ತು ಕರಾವಳಿ ವಿಭಾಗ ಇರುವುದೇ ನಮ್ಮ ಮಂಗಳೂರಿನಲ್ಲಿ. ಅವರ 'ಸಮುದ್ರ ರತ್ನಾಕರ್' ಎಂಬ ಸಂಶೋಧನಾ ಹಡಗಿಗೂ ಮಂಗಳೂರೇ ನೆಲೆ. ಬಂದರಿಗೆ ಬರುವ ಸರಕಿನ ಹಡಗುಗಳನ್ನು ಲೆಕ್ಕ ಹಾಕುವ ನಮಗೆ ಇದೊಂದು ಹಡಗು ಕಣ್ಣಿಗೆ ಬಿದ್ದಿಲ್ಲ!

ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಮಳೆಗಾಲವನ್ನೇ ತೋರಿಸಬೇಕು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಮಲಗಿದ್ದ ಊರೇ ಹೋಯಿತು. ಇನ್ನೂರಕ್ಕೂ ಹೆಚ್ಚು ಜನ. ಗಾಯಿಬ್ ಜನಾಝ ನಮಾಝಿಗೆ ನಿಂತು ದುಆ ಮಾಡುವುದು ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಹಿಂದಿನ ಬರೆ ಯಾಕೆ ಜರಿಯುತ್ತದೆ ಎಂದು ತಿಳಿದುಕೊಳ್ಳುವುದು ಕೂಡ ಕರ್ತವ್ಯವೇ ಅಲ್ವಾ?

ನಮ್ಮ ಜಿಲ್ಲೆಯ ಮಟ್ಟಿಗೆ ಅದರ ಉತ್ತರದ ಒಂದು ಭಾಗ ಮಣ್ಣಿನಲ್ಲೇ ಉಂಟು. ಮೇಲೆ ಕೆಂಪುಕಲ್ಲು, ಗಟ್ಟಿ. ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನೋಡಿ ನಾವು ಧೈರ್ಯವಾಗಿ ಜೆಸಿಬಿ ತಂದು ಐದು ಸೆಂಟ್ಸ್ ಜಾಗಕ್ಕಾಗಿ ಗುಡ್ಡವನ್ನು ನೇರವಾಗಿ ಕಡಿಯುತ್ತೇವೆ. ಆದರೆ ಕೆಂಪುಕಲ್ಲಿನ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತಗಿನ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಇದೂ ಗಟ್ಟಿಯೇ. ನೀರು ಕುಡಿದರೆ ಮಾತ್ರ ಬಲವೆಲ್ಲ ಹೋಗಿ ಹಿಟ್ಟಿನ ಹಾಗಾಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರು ನಮ್ಮದು. ಮೇಲಿನ ಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿ ಮಣ್ಣಿಗೆ ತಲುಪುತ್ತದೆ, ಕೆಳಗೆ ನಾವು ಕಡಿದು ಆಧಾರ ತೆಗೆದಿರುತ್ತೇವೆ. ಮತ್ತೆ ಜರಿಯದೆ ಇರುತ್ತದೆಯೇ? ಇಂಥದ್ದನ್ನು ನೋಡಿ, ಇಲ್ಲಿ ಕಡಿಯಬೇಡಿ, ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ನೀರು ಹೋಗಲು ಈ ಕಡೆ ಚರಂಡಿ ಮಾಡಿ ಎಂದು ಹೇಳಲು ಕಲಿತವರು ಬೇಕು. ನಮ್ಮದೇ ಮೊಹಲ್ಲಾದ ಹುಡುಗನೋ ಹುಡುಗಿಯೋ ಹೇಳಿದರೆ ಜನ ಬೇಗ ಕೇಳುತ್ತಾರೆ.

ಬಾವಿಯ ವಿಷಯವೂ ಹಾಗೆಯೇ. ಇಷ್ಟು ಮಳೆ ಬಂದರೂ ಮಾರ್ಚ್, ಎಪ್ರಿಲ್ ಆಗುವಾಗ ಪದವಿನ ಮೇಲಿನ ಬಾವಿಗಳು ಬತ್ತುತ್ತವೆ. ಕೆಂಪುಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಪಕ್ಕದ ಕಣಿವೆಗೆ ಬಿಟ್ಟುಕೊಡುತ್ತದೆ. ಕಡಲ ಬದಿಯಲ್ಲಿ ಬೋರ್ ಹಾಕಿ ಅತಿಯಾಗಿ ಎಳೆದರೆ ಉಪ್ಪುನೀರು ಒಳಗೆ ಬರುತ್ತದೆ. ಇದನ್ನೆಲ್ಲ ಲೆಕ್ಕ ಹಾಕುವುದು ಅಂತರ್ಜಲ ವಿಜ್ಞಾನಿಯ ಕೆಲಸ. ನೆಲದೊಳಗೆ ವಿದ್ಯುತ್ ಹಾಯಿಸಿ ಅದರ ತಡೆಯನ್ನು ಅಳೆದು ನೀರಿನ ಜಾಗ ಅಂದಾಜು ಮಾಡುವ ಉಪಕರಣವೂ ಉಂಟು. ನಾವು ಮಾತ್ರ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವವರನ್ನು ಕರೆದು, ಮುನ್ನೂರು, ನಾನೂರು ಅಡಿ ಕೊರೆಸಿ ಧೂಳು ತಿನ್ನುತ್ತೇವೆ ಮಾರಾಯ್ರೇ.

ಉಳ್ಳಾಲ, ಸೋಮೇಶ್ವರ, ಉಚ್ಚಿಲದವರಿಗೆ ಕಡಲ್ಕೊರೆತದ ಬಗ್ಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಮಳೆಗಾಲ ಕಲ್ಲು ಹಾಕುತ್ತಾರೆ, ಕಡಲು ನುಂಗುತ್ತದೆ. ತೀರದ ಮರಳು ಒಂದೇ ಕಡೆ ಕೂತಿರುವುದಿಲ್ಲ, ಅಲೆಗಳ ಜೊತೆ ತೀರದ ಉದ್ದಕ್ಕೂ ನಡೆಯುತ್ತಾ ಇರುತ್ತದೆ. ಅಳಿವೆ ಬಾಗಿಲಿನಲ್ಲಿ ತಡೆಗೋಡೆ ಬಂದರೆ ಅದರ ನಡಿಗೆ ಬದಲಾಗುತ್ತದೆ, ಒಂದು ಬದಿಯಲ್ಲಿ ಮರಳು ತುಂಬಿ ಇನ್ನೊಂದು ಬದಿ ಸವೆಯುತ್ತದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲಲ್ಲಿ ನೀರಿನೊಳಗೆ ರೀಫ್ ಕಟ್ಟಿದ್ದು ಇದನ್ನು ತಡೆಯಲೆಂದೇ. ಇಂಥ ಯೋಜನೆ ಬಂದಾಗ ಸಭೆಯಲ್ಲಿ ಎದ್ದು ನಿಂತು, ಈ ಕಲ್ಲು ಇಲ್ಲಿ ಬೇಡ ಎಂದು ಲೆಕ್ಕ ಸಮೇತ ಕೇಳಬಲ್ಲವರು ಮನೆ ಕಳಕೊಳ್ಳುವವರ ನಡುವೆಯೂ ಇರಬೇಕು.

ಇನ್ನು ಗಲ್ಫ್. ದಮ್ಮಾಮ್, ಜುಬೈಲ್ ನಮಗೆ ಪಕ್ಕದ ಊರಿದ್ದ ಹಾಗೆ. ದಮ್ಮಾಮಿನಲ್ಲಿ ಮೊದಲು ಕೊರೆದ ಬಾವಿಗಳು ನಿರಾಸೆ ಮಾಡಿದವು. 1938ರಲ್ಲಿ ಏಳನೇ ಬಾವಿ ಒಂದೂವರೆ ಕಿಲೋಮೀಟರ್ ಹತ್ತಿರ ಇಳಿದ ಮೇಲೆ ತೈಲ ಉಕ್ಕಿತು. ಇನ್ನೂ ಆಳಕ್ಕೆ ಹೋಗಿ ಎಂದು ಹಟ ಹಿಡಿದವರು ಮ್ಯಾಕ್ಸ್ ಸ್ಟೈನೆಕ್ ಎಂಬ ಅಮೆರಿಕದ ಭೂವಿಜ್ಞಾನಿ. ಮರುಭೂಮಿಯಲ್ಲಿ ಅವರಿಗೆ ದಾರಿ ತೋರಿಸಿದವರು ಖಮೀಸ್ ಬಿನ್ ರಿಮ್ಸಾನ್ ಎಂಬ ಬದೂವಿ. ಶಾಲೆ ಕಲಿತವರಲ್ಲ, ಆದರೆ ಮರಳುಗಾಡು ಅವರಿಗೆ ಅಂಗೈಯ ಹಾಗೆ ಗೊತ್ತಿತ್ತು. ಅವರ ಹೆಸರನ್ನು ಮುಂದೆ ಒಂದು ತೈಲ ನಿಕ್ಷೇಪಕ್ಕೇ ಇಟ್ಟರು. ಆ ತೈಲದ ಸುತ್ತ ಡ್ರೈವರ್, ಸೇಲ್ಸ್‌ಮ್ಯಾನ್, ಅಂಗಡಿ ಎಂದು ದುಡಿದು ನಮ್ಮ ಹಿರಿಯರು ಮನೆ ಕಟ್ಟಿದರು, ಮಸೀದಿ ಕಟ್ಟಿದರು. ಅವರ ಬೆವರಿಗೆ ಬೆಲೆ ಕಟ್ಟಲಾಗದು. ಮುಂದಿನವರು ಅದೇ ದಹ್ರಾನಿಗೆ ವಿದ್ಯಾರ್ಥಿಯಾಗಿಯೂ ಹೋಗಬಹುದಲ್ಲ? ಅಲ್ಲಿನ ಕಿಂಗ್ ಫಹದ್ ವಿಶ್ವವಿದ್ಯಾನಿಲಯದಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಮತ್ತು ಭೂವಿಜ್ಞಾನಕ್ಕೆಂದೇ ಒಂದು ಕಾಲೇಜು ಉಂಟು, ಸ್ನಾತಕೋತ್ತರ ಓದಿಗೆ ವಿದೇಶಿಯರಿಗೂ ವಿದ್ಯಾರ್ಥಿವೇತನ ಸಿಗುತ್ತದೆ.

ಹಜ್, ಉಮ್ರಾದಿಂದ ಬಂದವರ ಮನೆಯಲ್ಲಿ ನಾವು ಎದ್ದು ನಿಂತು ಕುಡಿಯುವ ಝಮ್‌ಝಮ್ ನೀರಿನ ಹಿಂದೆಯೂ ಭೂವಿಜ್ಞಾನಿಗಳಿದ್ದಾರೆ. ಸುಮಾರು 30 ಮೀಟರ್ ಆಳದ ಬಾವಿ ಅದು. ಮೇಲಿನ ಭಾಗ ವಾದಿ ಇಬ್ರಾಹೀಮಿನ ಮರಳು, ಜಲ್ಲಿಯ ಪದರ, ಕೆಳಗೆ ಬಂಡೆ. ಸೌದಿ ಭೂವೈಜ್ಞಾನಿಕ ಸಂಸ್ಥೆಯಲ್ಲಿ ಝಮ್‌ಝಮ್‌ಗೆಂದೇ ಒಂದು ಅಧ್ಯಯನ ಕೇಂದ್ರ ಇದ್ದು, ನೀರಿನ ಮಟ್ಟವನ್ನು ಗಮನಿಸುತ್ತಾ ಇರುತ್ತದೆ. ಇದು ದೀನಿಗೆ ಹೊರಗಿನ ವಿದ್ಯೆ ಎನ್ನುವವರಿಗೆ ಬೇರೆ ಉತ್ತರ ಬೇಡ. ಜುಮಾದಲ್ಲಿ ಕೇಳುವ ಸೂರತುಲ್ ಗಾಶಿಯದಲ್ಲಿ ಬೆಟ್ಟಗಳ ಕಡೆ, ಭೂಮಿಯ ಕಡೆ ನೋಡಲು ಕರೆ ಉಂಟು. ಸಾವಿರ ವರ್ಷಗಳ ಹಿಂದೆ ಅಲ್-ಕರಜಿ ನೆಲದೊಳಗಿನ ಅಡಗಿದ ನೀರನ್ನು ತೆಗೆಯುವ ಬಗ್ಗೆಯೇ ಕಿತಾಬು ಬರೆದರು. ಅಲ್-ಬಿರೂನಿ ಹಿಂದೂಸ್ತಾನದ ಬಯಲಿನ ಕಲ್ಲುಗಳನ್ನು ನೋಡಿ, ನದಿಗಳು ತಂದ ಮಣ್ಣಿನಿಂದ ತುಂಬಿದ ಹಳೆಯ ಕಡಲು ಇದು ಎಂದು ಊಹಿಸಿದರು.

ಈಗ ಕೆಲಸದ ಮಾತು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿಎಸ್ಸಿ ಮಾಡಿ ಎಂಎಸ್ಸಿಗೆ ಹೋಗಬೇಕು. ಮೈಸೂರು, ಧಾರವಾಡದಲ್ಲಿ ಭೂವಿಜ್ಞಾನವನ್ನು ಬಿಎಸ್ಸಿಯಿಂದಲೇ ತೆಗೆದುಕೊಳ್ಳಬಹುದು. ಐಐಟಿಗಳ ಎಂಎಸ್ಸಿಗೆ 'ಜ್ಯಾಮ್' ಪರೀಕ್ಷೆ. ಎಂಎಸ್ಸಿ ಆದವರಿಗೆ ಯುಪಿಎಸ್‌ಸಿಯೇ ಪ್ರತ್ಯೇಕವಾಗಿ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ನಡೆಸುತ್ತದೆ. ಅದರ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ನೇರವಾಗಿ ಗ್ರೂಪ್ 'ಎ' ಅಧಿಕಾರಿಯಾಗಿ ಹೋಗಬಹುದು. ಸಾಗರ ಭೂವಿಜ್ಞಾನದ ಎಂಎಸ್ಸಿ ಕೂಡ ಇದಕ್ಕೆ ನಡೆಯುತ್ತದೆ. ಒಎನ್‌ಜಿಸಿಯಂಥ ಕಂಪೆನಿಗಳೂ ಉಂಟು. ಸಂಶೋಧನೆ ಬೇಕಾದವರಿಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ರೈಲಿನಲ್ಲಿ ಒಂದು ದಿನದ ದಾರಿಯೂ ಅಲ್ಲ. ಉಪಗ್ರಹದ ಚಿತ್ರ, ಮ್ಯಾಪ್ ಮೇಲೆ ಕೂತು ಮಾಡುವ ಜಿಐಎಸ್ ಕೆಲಸಕ್ಕೆ ಖಾಸಗಿಯವರಲ್ಲೂ ಬೇಡಿಕೆ ಉಂಟು.

ಕಷ್ಟವನ್ನೂ ಹೇಳಬೇಕು. ಬರೀ ಬಿಎಸ್ಸಿಗೆ ನಿಲ್ಲಿಸಿದರೆ ಈ ವಿಷಯದಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಐದು ವರ್ಷ ತಾಳ್ಮೆ ಬೇಕು. ಯುಪಿಎಸ್‌ಸಿ ಹುದ್ದೆಗಳು ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ. ಖಾಸಗಿಯಲ್ಲಿ ಮೊದಲ ಸಂಬಳ ನೋಡಿ ಗಲ್ಫಿನಲ್ಲಿರುವ ಕಸಿನ್ ನಗಬಹುದು. ಗಣಿತದ ಹೆದರಿಕೆ ಇದ್ದವರು ಭೂಭೌತಶಾಸ್ತ್ರದ ಕಡೆ ಹೋಗಬೇಡಿ. ಫೀಲ್ಡ್ ವರ್ಕ್ ಎಂದು ಬಿಸಿಲಲ್ಲಿ ಸುತ್ತಿಗೆ ಹಿಡಿದು ಗುಡ್ಡ ಹತ್ತಬೇಕಾಗುತ್ತದೆ. ಹೆಣ್ಣುಮಕ್ಕಳ ಉಮ್ಮಂದಿರಿಗೆ ಇದೇ ಚಿಂತೆ. ವಿಭಾಗದ ಫೀಲ್ಡ್ ಟ್ರಿಪ್ಪಿಗೆ ಹುಡುಗಿಯರು ಒಟ್ಟಾಗಿ, ಅಧ್ಯಾಪಕರ ಜೊತೆ ಹೋಗುತ್ತಾರೆ. ಪ್ರಯೋಗಾಲಯ, ಜಿಐಎಸ್, ಕಾಲೇಜು ಪಾಠದಂಥ ಕೆಲಸದಲ್ಲಿ ಗುಡ್ಡ ಹತ್ತುವುದೂ ಕಡಿಮೆ. ಕೊಣಾಜೆಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವ ನಮ್ಮ ಹುಡುಗಿಯರು ಈ ಅವಕಾಶ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಜಮಾಅತ್ ಕಮಿಟಿಗಳಲ್ಲಿ, ಗಲ್ಫಿನ ನಮ್ಮ ಸಂಘಟನೆಗಳಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಎಂಬಿಬಿಎಸ್, ಬಿಇ ಜೊತೆ 'ಮೂಲ ವಿಜ್ಞಾನದ ಎಂಎಸ್ಸಿ' ಎಂಬ ಒಂದು ಸಾಲು ಸೇರಿಸಿ. ಮೊಹಲ್ಲಾಕ್ಕೆ ಒಬ್ಬರಿಗೆ ಕೊಟ್ಟರೂ ಸಾಕು, ಮೆಡಿಕಲ್ ಸೀಟಿನ ಒಂದು ವರ್ಷದ ಫೀಸಿನಲ್ಲಿ ಇಂಥ ಕೆಲವರ ಇಡೀ ಎಂಎಸ್ಸಿ ಮುಗಿಯುತ್ತದೆ. ಬಿಎಸ್ಸಿ ಕೊನೆಯ ವರ್ಷದಲ್ಲಿರುವವರು ಯಾವ ವಿಷಯದವರಿಗೆ ಸೀಟು, ಎಷ್ಟು ಅಂಕ ಬೇಕು ಎಂಬುದನ್ನು ಯಾರ ಬಾಯಿಮಾತನ್ನೂ ನಂಬದೆ ಕೊಣಾಜೆಯ ವಿಭಾಗಕ್ಕೇ ಹೋಗಿ ಕೇಳಲಿ. ಹೋಗುವಾಗ ಉಪ್ಪನನ್ನೂ ಕರಕೊಂಡು ಹೋಗಲಿ. ಕೋರೆಯಲ್ಲಿ ಕಲ್ಲು ಕಡಿದು ಸಾಕಿದವರಾದರೆ ಅಲ್ಲಿ ಜೋಡಿಸಿಟ್ಟ ಕಲ್ಲುಗಳ ಬಗ್ಗೆ ಕೇಳಲು ಅವರಲ್ಲೂ ನಾಲ್ಕು ಪ್ರಶ್ನೆ ಇರುತ್ತದೆ.