ಭೂಕಂಪದ ನಂತರ ಪರಮಾಣು ವಿದ್ಯುತ್ ಸ್ಥಾವರಗಳ ಪುನರಾರಂಭ

ಭೂಕಂಪದ ನಂತರ ಪರಮಾಣು ಸ್ಥಾವರವು ವಿದ್ಯುತ್ ನೀಡುವ ಮೊದಲು ತಾನೇ ಹೊರಗಿನಿಂದ ವಿದ್ಯುತ್ ಪಡೆಯಬೇಕಾಗುತ್ತದೆ. ರಿಯಾಕ್ಟರ್ ಸ್ಥಗಿತಗೊಂಡರೂ ಇಂಧನದ ಶಾಖ ತಕ್ಷಣ ಆರುವುದಿಲ್ಲ. ಅದನ್ನು ತಣಿಸುವ ಪಂಪುಗಳು ನಡೆಯುತ್ತಲೇ ಇರಬೇಕು. ಜಪಾನಿನ ಫುಕುಶಿಮಾ ದಾಯಿಚಿಯಲ್ಲಿ 2011ರ ಮಾರ್ಚ್ 11ರಂದು ಭೂಕಂಪವು ಹೊರಗಿನ ವಿದ್ಯುತ್ ಸಂಪರ್ಕವನ್ನು ಕಡಿಯಿತು, ಸುನಾಮಿಯು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಹಾನಿ ಕಡಿಮೆಯಿದ್ದಲ್ಲಿಯೂ ತಪಾಸಣೆ ದೀರ್ಘವಾಗಿರುತ್ತದೆ: 2007ರ ಭೂಕಂಪದಲ್ಲಿ ಸ್ಥಗಿತಗೊಂಡ ಕಾಶಿವಾಜಾಕಿ-ಕರಿವಾ ಸ್ಥಾವರದ ಮೊದಲ ಘಟಕ ಮರುಚಾಲನೆಗೊಂಡದ್ದು 2009ರಲ್ಲಿ.

ಕರ್ನಾಟಕದಲ್ಲಿ ಕಾಳಿ ನದಿಯ ದಡದ ಕೈಗಾ ಸ್ಥಾವರವು ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳನ್ನು ಹೊಂದಿದೆ. ಫುಕುಶಿಮಾದ ಬಳಿಕ ಭಾರತದ ಇತರ ಸ್ಥಾವರಗಳೊಡನೆ ಇದರ ಸುರಕ್ಷತೆಯನ್ನೂ ಮರುಪರಿಶೀಲಿಸಲಾಯಿತು. ಸಮುದ್ರತೀರದಿಂದ ಒಳಗಿರುವ ಕೈಗಾಕ್ಕೆ ಸುನಾಮಿಗಿಂತ ವಿದ್ಯುತ್ ಸಂಪರ್ಕದ ಕಡಿತವೇ ಮುಖ್ಯ ಪ್ರಶ್ನೆ. ಆದ್ದರಿಂದ ಬೇಗನೆ ಚಾಲನೆಗೊಳ್ಳಬಲ್ಲ ಜಲವಿದ್ಯುತ್ ಕೇಂದ್ರಗಳಿಗೆ ಇಂತಹ ಸಂದರ್ಭದಲ್ಲಿ ವಿಶೇಷ ಮಹತ್ವವಿದೆ.