ಸಾಲಿನ ತುದಿ ಇಲ್ಲದ ಕೆಲಸ

ಕೋಡ್ ಎರರ್ ಕೊಟ್ರೆ ಆ ಕ್ಷಣವೇ ಗೂಗಲ್ ಮಾಡ್ತೀವಿ. ಬೆನ್ನು ಎರರ್ ಕೊಟ್ರೆ? ‘ನಾಳೆ ಸರಿ ಹೋಗ್ತದ ಬಿಡಲೇ’ ಅಂತ ಮತ್ತೆ ಅದೇ ಕುರ್ಚಿಯಲ್ಲಿ ಮುದುರಿ ಕೂರ್ತೀವಿ. ಲ್ಯಾಬಿನಲ್ಲಿ ಎರಡು-ಮೂರು ಗಂಟೆ, ಹಾಸ್ಟೆಲಿಗೆ ಬಂದ ಮೇಲೆ ಲ್ಯಾಪ್‌ಟಾಪಿನ ಮುಂದೆ ಇನ್ನಷ್ಟು. ಕೆಲಸ ಸಿಕ್ಕ ಮೇಲೂ ಇದೇ ಭಂಗಿ.

ನಾವು ಎಂಜಿನಿಯರಿಂಗ್‌ನವರು, ಲೆಕ್ಕದಲ್ಲೇ ನೋಡೋಣ. ತಲೆಯ ತೂಕ ಸುಮಾರು 5 ಕೆ.ಜಿ. ಅದು ಹೆಗಲ ನೇರಕ್ಕೆ ಇದ್ದರೆ ಭಾರ ಬೆನ್ನೆಲುಬಿನ ಮೂಲಕ ಕೆಳಗಿಳಿಯುತ್ತದೆ. ಸ್ಕ್ರೀನ್ ಕಡೆ ಚಾಚಿದರೆ ಅದೊಂದು ಕ್ಯಾಂಟಿಲಿವರ್: ಭಾರ ಅಷ್ಟೇ, ಮೊಮೆಂಟ್ ಹೆಚ್ಚು. ಅದನ್ನು ತಡೆದು ಹಿಡಿಯುವ ಕೆಲಸ ಕತ್ತು ಮತ್ತು ಮೇಲ್ಬೆನ್ನಿನ ಸ್ನಾಯುಗಳದ್ದು. ಅವು ಬಿಡುವಿಲ್ಲದೆ ಎಳೆದುಕೊಂಡೇ ಇರ್ತವೆ, ಎದೆಯ ಸ್ನಾಯುಗಳು ಕುಗ್ಗಿಕೊಂಡೇ ಇರ್ತವೆ.

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಕಡೆಯ ಗೆಳೆಯರನ್ನು ಕೇಳಿ. ಗೋವಿನಜೋಳ, ಹತ್ತಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರನ್ನು ಅವರು ನೋಡಿಯೇ ಬೆಳೆದವರು. ಆ ದುಡಿಮೆಯಲ್ಲಿ ಬೆನ್ನುನೋವಿಲ್ಲ ಅಂತ ಯಾರೂ ಹೇಳೋದಿಲ್ಲ. ಆದರೆ ಸಾಲಿನ ತುದಿ ಮುಟ್ಟಿದಾಗ ಸೊಂಟದ ಮೇಲೆ ಕೈಯಿಟ್ಟು, ಎದೆ ಸೆಟೆಸಿ ಒಮ್ಮೆ ನೆಟ್ಟಗಾಗ್ತಾರೆ. ನಮ್ಮ ಸ್ಕ್ರೀನಿಗೆ ಸಾಲಿನ ತುದಿಯೇ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಕುರ್ಚಿಯಿಂದ ಏಳದೆಯೇ ಮೂರು ಕೆಲಸ ಮಾಡಬಹುದು. ಒಂದು, ಎರಡೂ ಕೈ ತಲೆಯ ಹಿಂದೆ ಹೆಣೆದು, ಮೊಣಕೈಗಳನ್ನು ಹಿಂದಕ್ಕೆ ತೆರೆದು ಎದೆ ಎತ್ತುವುದು. ಎರಡು, ಕೈಗಳನ್ನು ಎದೆಯ ಮುಂದೆ ಹೆಣೆದು, ಅಂಗೈ ಹೊರಗೆ ಮಾಡಿ ದೂರಕ್ಕೆ ಚಾಚಿ, ಮೇಲ್ಬೆನ್ನನ್ನು ಗುಂಡಗೆ ಬಾಗಿಸುವುದು. ಮೂರು, ಪಾದ ನೆಲಕ್ಕೂರಿ, ಕುರ್ಚಿಯ ಬೆನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುಗುವುದು. ಒಂದೊಂದರಲ್ಲೂ ನಾಲ್ಕೈದು ಉಸಿರು ಸಾಕು. ಉಸಿರು ಬಿಗಿಹಿಡಿಯಬೇಡಿ, ಜರ್ಕ್ ಬೇಡ. ನೋವು ಹೆಚ್ಚಾದರೆ ಅಲ್ಲಿಗೇ ಬಿಡಿ. ಕೈಗೆ ಜೋಮು ಹಿಡಿಯುತ್ತಿದ್ದರೆ ಡಾಕ್ಟರ್ ಹತ್ರ ಹೋಗಿ.

ಕುರ್ಚಿ ಮೇಲೆ ಎಂಥ ವ್ಯಾಯಾಮ ಅಂತ ನಗುವವರಿಗೆ ಒಂದು ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಸಾಧಾರಣ ಮಡಚುವ ಕುರ್ಚಿಯನ್ನೇ ಯೋಗದ ಸಲಕರಣೆ ಮಾಡಿಕೊಂಡವರು. ಕೇಂದ್ರದ ಆಯುಷ್ ಸಚಿವಾಲಯ ಕೂಡ ಕಚೇರಿಯಲ್ಲಿ ದುಡಿಯುವವರಿಗೆಂದು ಐದು ನಿಮಿಷದ ‘ವೈ-ಬ್ರೇಕ್’ ರೂಪಿಸಿ, 2021ರಲ್ಲಿ ಅದರ ಆ್ಯಪ್ ತಂದಿತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಲ್ಲ? ಸೋಮಾರಿತನ ಅಂತ ನಮಗೆ ಅನ್ನಿಸೋದಿಲ್ಲ. ಎಲ್ಲರೂ ಟೈಪ್ ಮಾಡ್ತಿರುವಾಗ ಒಬ್ಬನೇ ಕೈ ಎತ್ತಿ ಕೂತ್ರೆ ನಾಚಿಕೆ, ಮೇಲೆ ಸರ್ ಏನಂದ್ಕೋತಾರೋ ಅನ್ನೋ ಅಳುಕು. ಅದಕ್ಕೇ ಇದನ್ನು ಒಬ್ಬೊಬ್ಬರ ಶಿಸ್ತಿಗೆ ಬಿಡಬಾರದು, ಟೈಮ್‌ಟೇಬಲಿಗೆ ಸೇರಿಸಬೇಕು ಅನ್ನೋದು ನಮ್ಮ ವಾದ. ಪ್ರತಿ ಲ್ಯಾಬಿನಲ್ಲೂ ಗಂಟೆಗೊಮ್ಮೆ ಎರಡು ನಿಮಿಷ, ಮೇಷ್ಟ್ರೂ ಸೇರಿ ಎಲ್ಲರೂ ಮಾಡುವಂತಾಗಲಿ.

ಎರಡು ನಿಮಿಷದಿಂದ ಎಲ್ಲಾ ಸರಿಹೋಗಲ್ಲ, ನಿಜ. ಮಾನಿಟರ್ ಕಣ್ಣಿನ ಮಟ್ಟಕ್ಕೆ ಬರಬೇಕು, ಮುರಿದ ಕುರ್ಚಿ ಬದಲಾಗಬೇಕು, ಸಂಜೆ ಮೈದಾನಕ್ಕೂ ಇಳಿಯಬೇಕು. ಅವಕ್ಕೆಲ್ಲ ಹಣ, ಹೊತ್ತು ಬೇಕು. ಇದಕ್ಕೆ ಬೇಕಾದ್ದು ಒಂದು ಒಪ್ಪಿಗೆ ಮಾತ್ರ. ಕ್ಲಾಸ್ ರೆಪ್‌ಗಳೇ, ಈ ವಾರವೇ ಹೋಗಿ ಎಚ್‌ಓಡಿಯವರನ್ನು ಕೇಳಿ. ನಿಮ್ಮ ಹಿಂದೆ ನಾವಿದ್ದೀವಿ.