ಫೋಟೊ ತೆಗೆದದ್ದು ಬೀರುವಿನಲ್ಲಿ ಇಡಲಿಕ್ಕೇ?

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರದ ಎದುರು ನಾನು ನಿಂತಿಲ್ಲ. ಅಲ್ಲಿಗೆ ಹೋಗುವಷ್ಟು ದುಡ್ಡು ನನ್ನ ಫೆಲೋಶಿಪ್‌ನಲ್ಲಿಲ್ಲ. ಆದರೂ ಅದರ ಬಣ್ಣ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಹಾಸ್ಟೆಲ್ ಕೋಣೆಯಲ್ಲಿ ಕೂತೇ ನೋಡಿದ್ದೇನೆ. ಮ್ಯೂಸಿಯಂನವರು ಆ ಚಿತ್ರದ 8,439 ಫೋಟೊ ತೆಗೆದು, ಜೋಡಿಸಿ, 717 ಗಿಗಾಪಿಕ್ಸೆಲ್‌ನ ಒಂದೇ ಚಿತ್ರ ಮಾಡಿ 2022ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಒಂದೊಂದು ಫೋಟೊದಲ್ಲಿರುವುದು 5.5 ಸೆಂ.ಮೀ. ಅಗಲ, 4.1 ಸೆಂ.ಮೀ. ಎತ್ತರದ ತುಣುಕು ಮಾತ್ರ.

ಇದು ಕೌದಿ ಹೊಲಿಯುವಂಥ ಕೆಲಸ. ಒಂದು ತುಣುಕಿನ ಅಂಚು ಪಕ್ಕದ್ದರಲ್ಲೂ ಸ್ವಲ್ಪ ಬರಬೇಕು. ಬೆಳಕು ಬದಲಾಗಬಾರದು. ಕ್ಯಾಮೆರಾಕ್ಕೂ ಚಿತ್ರಕ್ಕೂ ಇರುವ ಅಂತರ ಒಂದೇ ಸಮ ಇರಬೇಕು. ಆಮೇಲೆ ಕಂಪ್ಯೂಟರು ಅಂಚುಗಳನ್ನು ಕೂಡಿಸುತ್ತದೆ.

ಈಗ ನಮ್ಮಲ್ಲಿಗೆ ಬನ್ನಿ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರವಿದೆ. ಈ ಛಾವಣಿಯ ಚಿತ್ರಗಳು ಯಾವ ಕಾಲದವು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮೂಲ ಗೆರೆ ಯಾವುದು, ಆಮೇಲೆ ಯಾರೋ ತಿದ್ದಿದ್ದು ಯಾವುದು ಎಂದು ಹೇಳಲು ಕುಂಚದ ಜಾಡು ಕಾಣಬೇಕು. ಕೆಳಗೆ ನಿಂತು ತಲೆ ಎತ್ತಿದರೆ ಕುತ್ತಿಗೆ ನೋವು ಬರುತ್ತದೆ, ಜಾಡು ಕಾಣುವುದಿಲ್ಲ.

ನಾನು ಅಧ್ಯಯನ ಮಾಡುತ್ತಿರುವುದು ಇಂಥದೇ ಇನ್ನೊಂದು ಗುಡಿಯ ಛಾವಣಿ. ನೆಲದ ಮೇಲೆ ಅಂಗಾತ ಮಲಗಿ 63 ಫೋಟೊ ತೆಗೆದೆ. ಅರ್ಧದಷ್ಟು ಒಂದಕ್ಕೊಂದು ಕೂಡಲೇ ಇಲ್ಲ. ಒಂದು ಕಚೇರಿಯವರು ಅದೇ ಛಾವಣಿಯನ್ನು ಸರ್ಕಾರದ ದುಡ್ಡಿನಲ್ಲಿ ತುಣುಕು ತುಣುಕಾಗಿ ತೆಗೆಸಿ ಜೋಡಿಸಿಟ್ಟಿದ್ದಾರೆ. ಅರ್ಜಿ ಹಾಕಿ ಹದಿನಾಲ್ಕು ತಿಂಗಳು ಕಾದ ಮೇಲೆ ನನಗೆ ಬಂದದ್ದು ಅಂಗೈಯಗಲದ ಒಂದು ಪ್ರಿಂಟು. ಮುಖಗಳು ಸಾಸಿವೆಯಷ್ಟು, ನಡುವೆ ಕಚೇರಿಯ ದೊಡ್ಡ ಮೊಹರು.

“ಪೂರ್ತಿ ಫೈಲು ಕೊಟ್ಟರೆ ಕ್ಯಾಲೆಂಡರ್ ಮಾಡಿ ಮಾರ್ಕೋತಾರೆ ಕಣಮ್ಮ” ಎಂದರು ಅಲ್ಲಿನ ಅಧಿಕಾರಿ. ಮಾರಿಕೊಳ್ಳಲಿ ಬಿಡಿ ಸಾರ್! ಕ್ಯಾಲೆಂಡರಿನಿಂದ ಛಾವಣಿಗೇನೂ ಆಗುವುದಿಲ್ಲ. ಫೈಲು ಬೀರುವಿನಲ್ಲೇ ಉಳಿದರೆ, ಬಣ್ಣ ಎಲ್ಲಿ ಉದುರುತ್ತಿದೆ ಎಂದು ಹೋಲಿಸಿ ನೋಡುವವರೇ ಇರುವುದಿಲ್ಲ. ಬಡತನದ ನೆಪವೂ ಇಲ್ಲಿ ನಡೆಯದು, ಖರ್ಚು ಆಗಲೇ ಆಗಿಹೋಗಿದೆ.

ನಮ್ಮಲ್ಲಿ ಆಗುವುದೇ ಇಲ್ಲವೆಂದಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಕಲ್ಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಕೊಟ್ಟಿದೆ. ಜನರ ದುಡ್ಡಿನಲ್ಲಿ ತೆಗೆದ ಚಿತ್ರ ಪೂರ್ತಿ ಗಾತ್ರದಲ್ಲಿ, ಅರ್ಜಿಯಿಲ್ಲದೆ, ಜನರಿಗೆ ಸಿಗಬೇಕು. ಈ ಷರತ್ತು ಟೆಂಡರಿನಲ್ಲೇ ಇರಲಿ.

ಪ್ರಬಂಧ ಒಪ್ಪಿಸಲು ನನಗೆ ಇನ್ನು ಹತ್ತು ತಿಂಗಳಿದೆ. ಮೂರನೆಯ ಅರ್ಜಿಯನ್ನು ನಿನ್ನೆ ಹಾಕಿದ್ದೇನೆ.